ಚದುರಿದ ಮನೆಗಳ ಪಂಚಾಯ್ತಿ: ರೈತರು ಓದಿಕೊಳ್ಳಬೇಕಾದ ಒಂದು ಪಾಠ

ಪಂಚಾಯ್ತಿ ಅಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ. ಒಂದು ಐದು ವರ್ಷಕ್ಕೊಮ್ಮೆ ಬರುವ ಓಟು. ಇನ್ನೊಂದು ಮನೆ ಕಂದಾಯದ ರಸೀದಿ. ಉಳಿದ ದಿನ ಪಂಚಾಯ್ತಿ ಆಫೀಸು ಎಂದರೆ ರೇಷನ್ ಕಾರ್ಡಿಗೋ ಪಹಣಿಗೋ ಹೋಗಿ ಕಾಯುವ ಜಾಗ, ಅಷ್ಟೆ. ಆದರೆ ಮನೆಗೆ ಬರುವ ಕುಡಿಯುವ ನೀರು, ಹಳ್ಳ ದಾಟುವ ಕಾಲುಸಂಕ, ಗದ್ದೆಗೆ ಹೋಗುವ ಬಂಡಿದಾರಿ, ಕೆರೆಯ ಹೂಳು, ಬೀದಿದೀಪ, ಬಡವರ ಮನೆ, ಇವೆಲ್ಲದರ ತೀರ್ಮಾನ ಆಗುವುದು ಅಲ್ಲಿಯೇ. ಬೀಜ, ಗೊಬ್ಬರ, ಔಷಧಿ ಲೆಕ್ಕ ಬಲ್ಲ ರೈತ ಪಂಚಾಯ್ತಿ ಲೆಕ್ಕವನ್ನೂ ಅಷ್ಟೇ ಕಾಳಜಿಯಿಂದ ಓದಿಕೊಳ್ಳಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗಂತೂ ಇದು ಹೆಚ್ಚು ಅಗತ್ಯ. ಯಾಕೆ ಅಂತ ಒಂದೊಂದಾಗಿ ನೋಡೋಣ.

ನಮ್ಮ ಊರಿನ ನಮೂನೆಯೇ ಬೇರೆ

ಬಯಲುಸೀಮೆಯಲ್ಲಿ ಊರು ಅಂದರೆ ಒತ್ತೊತ್ತಾದ ಮನೆಗಳು. ಮಧ್ಯೆ ಅರಳೀಕಟ್ಟೆ, ಸುತ್ತ ಹೊಲ. ಒಂದು ಟ್ಯಾಂಕು ಕಟ್ಟಿ ನಾಲ್ಕು ಬೀದಿಗೆ ಪೈಪು ಎಳೆದರೆ ಇಡೀ ಊರಿಗೆ ನೀರು. ನಮ್ಮಲ್ಲಿ ಹಾಗಲ್ಲ. ಈ ಕಣಿವೆಯಲ್ಲಿ ಎರಡು ಮನೆ, ಗುಡ್ಡ ಹತ್ತಿ ಇಳಿದರೆ ಮೂರು ಮನೆ, ಹಳ್ಳದಾಚೆ ಒಂದೇ ಮನೆ. ಸರ್ಕಾರದ ಪುಸ್ತಕದಲ್ಲಿ ಒಂದು ಗ್ರಾಮ, ಒಳಗೆ ನೋಡಿದರೆ ಐದಾರು ಮಜರೆ. ಮಜರೆಗೊಂದು ಹೆಸರು, ಒಂದು ದೇವರು, ಒಂದು ಜಗಳ.

ಮೂರು ತಾಲ್ಲೂಕಿನ ಒಳಗೇ ಮತ್ತೆ ಎಷ್ಟು ವ್ಯತ್ಯಾಸ! ಆಗುಂಬೆ ಕಡೆ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಮಳೆ ದಾಟುತ್ತದೆ. ನಗರ, ಹುಲಿಕಲ್, ಮಾಸ್ತಿಕಟ್ಟೆಯೂ ಅದೇ ಜಾತಿ. ಪೂರ್ವಕ್ಕೆ ಬಂದು ರಿಪ್ಪನ್‌ಪೇಟೆ, ಆನಂದಪುರ ಮುಟ್ಟಿದರೆ ಮಳೆ ತೆಳ್ಳಗಾಗುತ್ತದೆ. ಅಲ್ಲಿ ಖುಷ್ಕಿ ಜಮೀನು, ಮೆಕ್ಕೆಜೋಳ, ಶುಂಠಿ, ಮಳೆ ನಂಬಿದ ಭತ್ತ. ಘಟ್ಟದ ಅಂಚಿನವನಿಗೆ ಬಸಿಗಾಲುವೆ ಬೇಕು, ಸಂಕ ಬೇಕು. ನನ್ನಂಥ ಖುಷ್ಕಿಯವನಿಗೆ ಕೆರೆ ಹೂಳು ತೆಗೆಸಬೇಕು, ಕೃಷಿಹೊಂಡ ಬೇಕು, ಜೋಳ ತುಂಬಿದ ಟ್ರ್ಯಾಕ್ಟರ್ ಹೂಳದ ದಾರಿ ಬೇಕು. ಬೆಂಗಳೂರಿನಲ್ಲಿ ಕೂತು ಇಬ್ಬರಿಗೂ ಒಂದೇ ಔಷಧಿ ಬರೆದರೆ ಹೇಗಾದೀತು? ಊರಿನ ಕೆಲಸ ಊರಿನವರೇ ತೀರ್ಮಾನಿಸಬೇಕು ಎಂಬ ಮಾತಿಗೆ ಅರ್ಥ ಇರುವುದು ಇಲ್ಲಿ.

ಹಿಂದೆ ಆಡಳಿತ ಹೇಗಿತ್ತು

ಕೆಳದಿ, ಇಕ್ಕೇರಿ, ಬಿದನೂರು ಮೂರೂ ನಮ್ಮ ಸೀಮೆಯ ರಾಜಧಾನಿಗಳು. ಹದಿನೇಳನೇ ಶತಮಾನದಲ್ಲಿ ಶಿವಪ್ಪನಾಯಕ ಜಮೀನು ಅಳೆಸಿ, ಮಣ್ಣಿನ ಗುಣ, ಬೆಳೆ ನೋಡಿ ಕಂದಾಯ ಕಟ್ಟಿದ. ಅದೇ 'ಶಿವಪ್ಪನಾಯಕನ ಸಿಸ್ತು'. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ. ಹೆಸರು ಬದಲಾಗಿ ಕೊನೆಗೆ ನಗರ ಅಂತಾಯ್ತು. ರಾಜರು ಬದಲಾದರೂ ಊರಿನಲ್ಲಿ ಪಟೇಲ, ಶಾನುಭೋಗರ ಮಾತೇ ನಡೆಯುತ್ತಿತ್ತು. ಅಪ್ಪನ ನಂತರ ಮಗ. ಊರಿನ ಕಾಗದಪತ್ರ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ.

ಆಗ ಗೇಣಿದಾರನಿಗೆ ಸಭೆಯಲ್ಲಿ ಕೂರುವ ಜಾಗವಿರಲಿಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ಎದ್ದಿತಲ್ಲ, ಅದರ ಬುಡದಲ್ಲಿ ಇದ್ದದ್ದು ಒಂದು ಅಳತೆಯ ತಂಟೆ. ಗೇಣಿ ಅಳೆಯುವ ಕೊಳಗ ದೊಡ್ಡದು, ಅದನ್ನು ಸರಿಮಾಡಿ ಎಂದು ರೈತರು ಕೇಳಿದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಶಾಸಕರಾದರು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ 1960ರ ದಶಕದಲ್ಲಿ ಹೋಯಿತು. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿದಾರ ಅರ್ಜಿ ಹಾಕಿ ಒಡೆಯನಾದ. ಇಷ್ಟೆಲ್ಲ ಆದ ಮೇಲೇ ಸಾಮಾನ್ಯ ರೈತ ಪಂಚಾಯ್ತಿ ಕುರ್ಚಿಯ ಮೇಲೆ ಧೈರ್ಯವಾಗಿ ಕೂತದ್ದು.

ಪಂಚಾಯ್ತಿ ಕಾನೂನು 1959ರಲ್ಲೂ ಇತ್ತು. ಆದರೆ ಕೈಯಲ್ಲಿ ಹಣವಿರಲಿಲ್ಲ. 1983ರ ಕಾನೂನಿನಿಂದ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತು ಬಂದವು. 1987ರ ಆರಂಭದಲ್ಲಿ ಚುನಾವಣೆ ಆಯಿತು. ಅದರ ಹಿಂದೆ ಇದ್ದವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು ಸಿಕ್ಕಿದ್ದು ಆಗಲೇ. ಇಡೀ ದೇಶಕ್ಕೆ 73ನೇ ತಿದ್ದುಪಡಿ ಬರುವ ಮೊದಲೇ ಕರ್ನಾಟಕ ಈ ದಾರಿಯಲ್ಲಿ ನಡೆದಿತ್ತು.

1993ರ ಕಾನೂನು ಏನು ಹೇಳ್ತದೆ

ಈಗ ನಡೆಯುತ್ತಿರುವುದು 1993ರ ಪಂಚಾಯತ್ ರಾಜ್ ಕಾನೂನು. ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯ್ತಿಗಳಿವೆ. ರೈತರು ನೆನಪಿಡಬೇಕಾದ ಅಂಶ ಇವು.

ಒಂದು: ಸಾಮಾನ್ಯ ಕಡೆ 5ರಿಂದ 7 ಸಾವಿರ ಜನಕ್ಕೆ ಒಂದು ಪಂಚಾಯ್ತಿ. ಶಿವಮೊಗ್ಗವೂ ಸೇರಿ ಮಲೆನಾಡಿನ ಜಿಲ್ಲೆಗಳಲ್ಲಿ ಎರಡೂವರೆ ಸಾವಿರ ಜನ ಇದ್ದರೂ ಸಾಕು ಎಂಬ ರಿಯಾಯಿತಿ ಉಂಟು. ಚದುರಿದ ಮನೆಗಳನ್ನು ನೋಡಿಯೇ ಕೊಟ್ಟದ್ದು.

ಎರಡು: ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಪಕ್ಷದ ಗುರುತಿನ ಮೇಲೆ ಚುನಾವಣೆ ಇಲ್ಲ. ಅವಧಿ ಐದು ವರ್ಷ. ಮೊದಲು ಹೆಂಗಸರಿಗೆ ಮೂರನೇ ಒಂದು ಪಾಲು ಇತ್ತು, 2010ರಿಂದ ಅರ್ಧ.

ಮೂರು: ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬನೂ ಗ್ರಾಮಸಭೆಯ ಸದಸ್ಯ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ಆಗಬೇಕು.

ನಾಲ್ಕು: ಪಂಚಾಯ್ತಿ ಒಳಗೆ ಮೂರು ಸ್ಥಾಯಿ ಸಮಿತಿ. ಸಾಮಾನ್ಯ ಸಮಿತಿ, ಹಣಕಾಸು-ಲೆಕ್ಕಪರಿಶೋಧನೆ-ಯೋಜನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ. ಇವುಗಳಲ್ಲಿ ಯಾರು ಇದ್ದಾರೆ ಅಂತ ನಿಮ್ಮ ಸದಸ್ಯರನ್ನೇ ಒಮ್ಮೆ ಕೇಳಿ. ಕೆಲವು ಕಡೆ ಅವರಿಗೂ ಗೊತ್ತಿರುವುದಿಲ್ಲ.

ಐದು: ಮನೆ, ಕಟ್ಟಡ, ಕೃಷಿ ಕಂದಾಯಕ್ಕೆ ಒಳಪಡದ ಜಾಗ, ಇವಕ್ಕೆ ಪಂಚಾಯ್ತಿ ತೆರಿಗೆ ಹಾಕಬಹುದು. ನಾವು ಉಳುವ ಜಮೀನಿಗೆ ಆ ತೆರಿಗೆ ಇಲ್ಲ. ನೀರಿನ ಕರ ಬೇರೆ.

ದೂರದ ದೇಶದ ಒಂದು ಊರಾಡಳಿತ

ಸಣ್ಣ ಊರಿಗೆ ಆಡಳಿತ ಯಾಕೆ, ನಾಲ್ಕು ಪಂಚಾಯ್ತಿ ಸೇರಿಸಿ ಒಂದು ಮಾಡಿದರೆ ಖರ್ಚು ಉಳಿಯೋದಿಲ್ವೆ ಎಂದು ಕೇಳುವವರಿದ್ದಾರೆ. ಅವರು ಫ್ರಾನ್ಸ್ ದೇಶವನ್ನು ಒಮ್ಮೆ ನೋಡಬೇಕು. ಅಲ್ಲಿ ನಮ್ಮ ಪಂಚಾಯ್ತಿಯಂಥ ಘಟಕಕ್ಕೆ ಕಮ್ಯೂನ್ ಅಂತಾರೆ. ದೇಶದಲ್ಲಿ ಸುಮಾರು 35 ಸಾವಿರ ಕಮ್ಯೂನುಗಳು. ಅರ್ಧಕ್ಕಿಂತ ಹೆಚ್ಚಿನವುಗಳ ಜನಸಂಖ್ಯೆ 500ಕ್ಕೂ ಕಡಿಮೆ! 1789ರಲ್ಲಿ ಅಲ್ಲಿ ಕ್ರಾಂತಿ ಆಯಿತಲ್ಲ, ಅದೇ ವರ್ಷದ ಡಿಸೆಂಬರಿನ ಕಾನೂನಿನಿಂದ ಬಂದ ಏರ್ಪಾಡು ಇದು. ಆರು ವರ್ಷಕ್ಕೊಮ್ಮೆ ಚುನಾವಣೆ. ಗೆದ್ದ ಸದಸ್ಯರು ಸೇರಿ ಮೇಯರನ್ನು ಆರಿಸುತ್ತಾರೆ. ಮೇಯರ್ ಅಂದರೆ ನಮ್ಮ ಪಟ್ಟಣದ ಮೇಯರ್ ಹಾಗೆ ದರ್ಬಾರಿನವನಲ್ಲ. ಸಣ್ಣ ಊರಲ್ಲಿ ಆತ ದನ ಕಟ್ಟಿದ ರೈತನೂ ಆಗಿರಬಹುದು. ಊರಿನ ಜನನ, ಮರಣ, ಮದುವೆ ನೋಂದಣಿ ಆತನ ಆಫೀಸಿನಲ್ಲೇ. ಕಾನೂನಿನ ಮದುವೆಯನ್ನು ಮಾಡಿಸುವವನೂ ಅವನೇ.

ಒಂದು ಲೆಕ್ಕ ನೋಡಿ. ನೂರು ಜನವೂ ಇಲ್ಲದ ಕಮ್ಯೂನಿಗೂ ಅಲ್ಲಿನ ಕಾನೂನು 7 ಸದಸ್ಯರನ್ನು ಕೊಡುತ್ತದೆ. ನಮ್ಮಲ್ಲಿ 400ಕ್ಕೊಬ್ಬರಂತೆ ಎರಡೂವರೆ ಸಾವಿರ ಜನಕ್ಕೆ 7 ಸದಸ್ಯರು. ನಾವು ತುಂಬ ಸಣ್ಣ ಪಂಚಾಯ್ತಿ ಎಂದುಕೊಂಡದ್ದು ಅವರ ಲೆಕ್ಕದಲ್ಲಿ ಹತ್ತಾರು ಊರು ಸೇರಿದ ದೊಡ್ಡ ಘಟಕ.

ಅಷ್ಟು ಸಣ್ಣ ಊರು ರಸ್ತೆ, ನೀರು, ಕಸ ಎಲ್ಲ ಹೇಗೆ ಸುಧಾರಿಸುತ್ತದೆ? ಅಲ್ಲಿಯೂ ಕಷ್ಟವೇ. ಅದಕ್ಕೆ ಅಕ್ಕಪಕ್ಕದ ಕಮ್ಯೂನುಗಳು ಕೂಟ ಮಾಡಿಕೊಂಡು ನೀರು, ಕಸ ವಿಲೇವಾರಿಯಂಥ ದೊಡ್ಡ ಕೆಲಸ ಒಟ್ಟಿಗೆ ನಡೆಸುತ್ತವೆ. ಕೆಲವು ಊರು ತಾವಾಗಿ ಒಪ್ಪಿ ಒಂದಾಗಿದ್ದೂ ಉಂಟು. ಹಳ್ಳಿ ಬಿಟ್ಟು ಹೋಗುವ ಹುಡುಗರು, ಮುಚ್ಚುವ ಶಾಲೆ, ಮುಚ್ಚುವ ಅಂಗಡಿ ಅವರ ತಲೆನೋವೂ ಹೌದು. ಶ್ರೀಮಂತ ದೇಶ ಅಂತ ಎಲ್ಲ ಸರಿ ಇಲ್ಲ. ಆದರೆ ಊರಿನ ಹೆಸರು, ಊರಿನ ಸಭೆ ಬಿಟ್ಟುಕೊಡಲು ಜನ ಸುಲಭಕ್ಕೆ ಒಪ್ಪುವುದಿಲ್ಲ. ಎರಡು ಶತಮಾನ ದಾಟಿದ ಅಭ್ಯಾಸ ಅದು. ಸಭೆ ಹತ್ತಿರ ಇರಲಿ, ದೊಡ್ಡ ಕೆಲಸ ಕೂಡಿ ಮಾಡೋಣ ಎಂಬುದು ನಮಗೂ ಹೊಂದುವ ಬುದ್ಧಿ. ಎರಡು ಪಂಚಾಯ್ತಿಗೆ ಒಂದೇ ಹಳ್ಳ ಗಡಿಯಾಗಿದ್ದರೆ ಸಂಕದ ಮಾತು ಇಬ್ಬರೂ ಒಟ್ಟಿಗೆ ಎತ್ತಬೇಕು. ಇಲ್ಲಾಂದ್ರೆ 'ಅದು ಅವರ ಬದಿ' ಅಂತ ಇಬ್ಬರೂ ಕೈ ತೊಳೆದುಕೊಳ್ತಾರೆ, ಮಕ್ಕಳು ಅಡಿಕೆ ಮರದ ದಬ್ಬೆ ಮೇಲೆ ದಾಟ್ತಾವೆ.

ತಲೆ ಲೆಕ್ಕ, ದಾರಿ ಲೆಕ್ಕ

ಈಗ ನಮ್ಮ ಮೂಲ ಕಷ್ಟಕ್ಕೆ ಬರೋಣ. ಪಂಚಾಯ್ತಿಗೆ ಬರುವ ಸರ್ಕಾರದ ಹಣದಲ್ಲಿ ಜನಸಂಖ್ಯೆಗೆ ದೊಡ್ಡ ತೂಕ. ಒಂದು ಉದಾಹರಣೆ ಹಾಕಿಕೊಳ್ಳಿ. ಬಯಲಿನ ಒಂದು ಪಂಚಾಯ್ತಿ, 6 ಸಾವಿರ ಜನ, ಮೂರು ಊರು, ಒಳರಸ್ತೆ ಹತ್ತು ಕಿಲೋಮೀಟರ್. ಮಲೆನಾಡಿನ ಒಂದು ಪಂಚಾಯ್ತಿ, 3 ಸಾವಿರ ಜನ, ಮೂವತ್ತು ಮಜರೆ, ರಸ್ತೆ ನಲವತ್ತು ಕಿಲೋಮೀಟರ್. ತಲೆಗೆ ಇಷ್ಟು ಅಂತ ಹಂಚಿದರೆ ನಮಗೆ ಅರ್ಧ ಹಣ, ನಾಲ್ಕು ಪಟ್ಟು ದಾರಿ. ಅಂದರೆ ಒಂದು ಕಿಲೋಮೀಟರಿಗೆ ಅವರಿಗೆ ಎಂಟು ರೂಪಾಯಿ ಇದ್ದ ಕಡೆ ನಮಗೆ ಒಂದು ರೂಪಾಯಿ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆದು ಮಾಡಿದ ರಸ್ತೆಯನ್ನೂ ಒಯ್ಯುತ್ತದೆ.

ಹಣದಲ್ಲೂ ಕಟ್ಟು ಉಂಟು. 2021ರಿಂದ 2026ರ ಮಾರ್ಚ್‌ವರೆಗಿನ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40ರಲ್ಲಿ ಮಾತ್ರ ಪಂಚಾಯ್ತಿ ತನ್ನಿಷ್ಟದ ಕೆಲಸ ಹಿಡಿಯಬಹುದಿತ್ತು. ನೀರಿಗೆ ಹಣ ಮೀಸಲಿಟ್ಟದ್ದು ತಪ್ಪಲ್ಲ. ಆದರೆ ಅಬ್ಬಿ ನೀರನ್ನು ದಬ್ಬೆಯಲ್ಲೋ ಪೈಪಿನಲ್ಲೋ ಇಳಿಸಿಕೊಂಡು ಕುಡಿಯುವ ಮನೆಗೆ ಬೋರ್‌ವೆಲ್, ಟ್ಯಾಂಕು, ನಲ್ಲಿ ಎಂಬ ಬಯಲುಸೀಮೆ ನಕಾಶೆಯನ್ನೇ ತಂದು ಕೂರಿಸಿದರೆ ಖರ್ಚು ಜಾಸ್ತಿ, ಕರೆಂಟು ಹೋದ ದಿನ ನೀರಿಲ್ಲ. ಬೆಟ್ಟದ ಸೆಲೆ ಕಾಪಾಡಿ, ತೊಟ್ಟಿ ಕಟ್ಟಿ, ಇಳಿಜಾರಿನಲ್ಲಿ ನೀರು ತರುವ ಕೆಲಸವನ್ನು ಕ್ರಿಯಾ ಯೋಜನೆಗೆ ಸೇರಿಸಿ ಅಂತ ಕೇಳಬೇಕಾದವರು ನಾವೇ. ಕೇಳದಿದ್ದರೆ ಇಂಜಿನಿಯರ್ ತನಗೆ ಗೊತ್ತಿದ್ದದ್ದನ್ನು ಬರೆಯುತ್ತಾನೆ.

ಇನ್ನೊಂದು ಮುಖ್ಯ ಸಂಗತಿ ಜನಗಣತಿ. 2011ರ ಎಣಿಕೆಯ ನಂತರ 2021ರಲ್ಲಿ ಆಗಬೇಕಾದ್ದು ಆಗಲಿಲ್ಲ. ಈಗ 2027ರ ಗಣತಿ ಎಂದು ಸರ್ಕಾರ ನಿಗದಿ ಮಾಡಿದೆ. ಈ ಹದಿನಾರು ವರ್ಷದಲ್ಲಿ ನಮ್ಮ ಎಷ್ಟು ಮನೆಗೆ ಬೀಗ ಬಿತ್ತು, ಎಷ್ಟು ಮಕ್ಕಳು ಬೆಂಗಳೂರು ಸೇರಿದರು, ನೀವೇ ಬೆರಳು ಮಡಚಿ ಎಣಿಸಿ. ತಲೆ ಕಡಿಮೆಯಾದರೆ ಮುಂದೆ ಸದಸ್ಯರ ಸಂಖ್ಯೆಯೂ ಹಣವೂ ಕಡಿಮೆಯಾಗುವ ಭಯ ಉಂಟು. ಎರಡೂವರೆ ಸಾವಿರದ ಗಡಿಯಲ್ಲಿ ನಿಂತ ಪಂಚಾಯ್ತಿಗಳನ್ನು ಪಕ್ಕದ್ದಕ್ಕೆ ಸೇರಿಸುವ ಮಾತೂ ಬರಬಹುದು. ಹಾಗಂತ ಬೆಂಗಳೂರಿನಲ್ಲಿ ಇರುವವರನ್ನು ಇಲ್ಲಿ ಬರೆಸಿ ಎಂದು ನಾನು ಹೇಳ್ತಾ ಇಲ್ಲ, ಅದು ಸುಳ್ಳು ಲೆಕ್ಕ. ಆದರೆ ಗುಡ್ಡದಾಚೆಯ ಒಂಟಿ ಮನೆ, ತೋಟದ ಕೆಲಸದವರ ಬಿಡಾರ, ಹಿನ್ನೀರಿನ ಅಂಚಿನ ಮನೆ, ಇವು ಎಣಿಕೆಯಲ್ಲಿ ತಪ್ಪಿಹೋಗದಂತೆ ನೋಡಿಕೊಳ್ಳುವುದು ಊರಿನವರ ಕೆಲಸ. ಎಣಿಸಲು ಬಂದ ಮೇಷ್ಟ್ರಿಗೆ ಆ ಕಾಲುದಾರಿ ಗೊತ್ತಿರುವುದಿಲ್ಲ. ಜೊತೆಗೆ ಹೋಗಿ ತೋರಿಸಿ.

ಯಾವುದಕ್ಕೆ ಯಾರ ಹತ್ತಿರ ಹೋಗಬೇಕು

ಅರ್ಧ ಅಲೆದಾಟ ಆಗುವುದು ಇದು ತಿಳಿಯದೆ. ಪಹಣಿ, ಪೋಡಿ, ಖಾತೆ ಬದಲಾವಣೆ, ಬಗರ್‌ಹುಕುಂ, ಬೆಳೆ ಪರಿಹಾರ ಇವು ಕಂದಾಯ ಇಲಾಖೆಯವು. ಊರಿನಲ್ಲಿ ಅದರ ಮನುಷ್ಯ ಗ್ರಾಮ ಲೆಕ್ಕಿಗ, ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರೆ. ಮೇಲೆ ತಹಸೀಲ್ದಾರರು. ಪಂಚಾಯ್ತಿಯಲ್ಲಿ ಪಹಣಿ ಪ್ರತಿ ಸಿಗಬಹುದು, ಆದರೆ ಅದನ್ನು ತಿದ್ದುವ ಅಧಿಕಾರ ಪಂಚಾಯ್ತಿಗೆ ಇಲ್ಲ.

ನೀರು, ಬೀದಿದೀಪ, ಚರಂಡಿ, ಮನೆ ಕಂದಾಯ, ಮನೆ ಜಾಗದ ಇ-ಸ್ವತ್ತು, ವಸತಿ ಯೋಜನೆಯ ಫಲಾನುಭವಿ ಪಟ್ಟಿ, ಊರಿನ ಲೈಬ್ರರಿ ಇವು ಪಂಚಾಯ್ತಿಯವು. ಅಧ್ಯಕ್ಷರು ಚುನಾಯಿತರು, ಅಭಿವೃದ್ಧಿ ಅಧಿಕಾರಿ ಅಂದರೆ ಪಿಡಿಒ ಸರ್ಕಾರಿ ನೌಕರ. ಚೆಕ್ಕಿಗೆ ಸಹಿ ಹಾಕುವವರು ಯಾರು, ಠರಾವು ಮಾಡುವವರು ಯಾರು ಎಂಬುದು ಬೇರೆ ಬೇರೆ. ಠರಾವು ಮಾಡುವುದು ಸದಸ್ಯರ ಸಭೆ. ಅದನ್ನು ಜಾರಿ ಮಾಡುವುದು ಪಿಡಿಒ ಕೆಲಸ.

ಕಾಡಿನ ವಿಷಯ ಬಂದಾಗ ಗ್ರಾಮಸಭೆಯ ತೂಕ ಹೆಚ್ಚು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಯನ್ನು ಆರಿಸುವುದೇ ಗ್ರಾಮಸಭೆ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸದ ದಾಖಲೆ ಕೊಡಬೇಕು. ಅದೇ ನಮ್ಮ ಸೀಮೆಯ ಬಹಳ ರೈತರಿಗೆ ಗಂಟಲ ಮುಳ್ಳು. ಸೊಪ್ಪಿನಬೆಟ್ಟ, ಕಾನು, ಗೋಮಾಳ ಇವಕ್ಕೆಲ್ಲ ಬೇರೆ ಬೇರೆ ದಾಖಲೆ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಬಾಯಿಮಾತಿನ 'ಆಗೋದಿಲ್ಲ'ವನ್ನು ಒಪ್ಪಿಕೊಂಡು ಮನೆಗೆ ಬರಬಾರದು.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಇರಬೇಕು. ಅಪ್ಪೆಮಿಡಿ, ಉಪ್ಪಾಗೆ, ನಾಟಿ ಭತ್ತದ ತಳಿ, ಹೊಳೆಯ ಮೀನು, ಇವನ್ನೆಲ್ಲ ದಾಖಲಾತಿಗೆ ಸೇರಿಸುವುದು ಅದರ ಕೆಲಸ. ಊರಿನ ಹಿರಿಯ ಹೆಂಗಸರು ಕೂತರೆ ಒಂದು ಸಂಜೆಗೆ ಅರ್ಧ ಪುಸ್ತಕ ತುಂಬೀತು.

ಗ್ರಾಮಸಭೆಗೆ ಹೋಗುವ ಕ್ರಮ

ಗ್ರಾಮಸಭೆಗೆ ಕೋರಂ ಬೇಕು. ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು. ನಮ್ಮಲ್ಲಿ ಅಷ್ಟು ಜನ ಸೇರುವುದೇ ಕಷ್ಟ. ಎಂಟು ಮೈಲಿ ನಡೆದು ಬರಬೇಕು, ಅಡಿಕೆ ಕೊಯ್ಲು, ಗದ್ದೆ ನೆಟ್ಟಿ ಬೇರೆ. ಕೆಲವು ಕಡೆ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ತಾರೆ. ಸಭೆಗೆ ಹೋಗದೆ ಹಾಕಿದ ಸಹಿ ಖಾಲಿ ಚೆಕ್ಕಿಗೆ ಹಾಕಿದ ಸಹಿ ಇದ್ದಂತೆ. ಸಭೆಯ ದಿನ ಮೊದಲೇ ಗೊತ್ತಾಗಬೇಕು, ಕೊಯ್ಲು ನೆಟ್ಟಿಯ ವಾರ ಬಿಟ್ಟು ಇಡಬೇಕು ಎಂದು ಸದಸ್ಯರನ್ನು ಒತ್ತಾಯಿಸಿ. ಮಜರೆಗೆ ಇಬ್ಬರಂತೆ ಒಂದೇ ಜೀಪಿನಲ್ಲಿ ಹೊರಟರೆ ಕೋರಂ ತುಂಬುತ್ತದೆ.

ಕೆಲಸ ಆಗುವ ಸರಪಣಿ ಹೀಗೆ. ವಾರ್ಡ್ ಸಭೆಯಲ್ಲಿ ಬೇಡಿಕೆ ಪಟ್ಟಿ. ಅದು ಗ್ರಾಮಸಭೆಗೆ. ಅಲ್ಲಿ ಯಾವುದು ಮೊದಲು ಎಂದು ತೀರ್ಮಾನ. ಆಮೇಲೆ ಪಂಚಾಯ್ತಿ ಸಭೆಯಲ್ಲಿ ಕ್ರಿಯಾ ಯೋಜನೆ, ನಂತರ ಅಂದಾಜು ಪಟ್ಟಿ, ಮಂಜೂರಾತಿ, ಕೆಲಸ, ಅಳತೆ, ಬಿಲ್ಲು. ಈ ಸರಪಣಿಯಲ್ಲಿ ಒಂದು ಕೊಂಡಿ ತಪ್ಪಿದರೂ ಕೆಲಸ ನಿಂತಿತು.

ನಮ್ಮ ಸುತ್ತಿನ ಒಂದು ಪಂಚಾಯ್ತಿಯ ಸಂಗತಿ ಹೇಳ್ತೇನೆ, ಹೆಸರು ಬೇಡ. ಹಳ್ಳದಾಚೆಯ ನಾಲ್ಕು ಮನೆಗೆ ಕಾಲುಸಂಕ ಬೇಕೆಂದು ಮೂರು ವರ್ಷ ಸಭೆಯಲ್ಲಿ ಕೂಗಿದರು. ಪ್ರತಿ ಸಲವೂ 'ಬರ್ಕೊಂಡಿದೀವಿ' ಎಂಬ ಉತ್ತರ. ನಾಲ್ಕನೇ ವರ್ಷ ಆ ಮನೆಯ ಸೊಸೆಯೊಬ್ಬಳು ನಡವಳಿ ಪುಸ್ತಕದ ಪ್ರತಿ ಕೇಳಿದಳು. ನೋಡಿದರೆ ಮೂರು ವರ್ಷವೂ ಸಂಕದ ಹೆಸರೇ ಇಲ್ಲ! ಮುಂದಿನ ಸಭೆಯಲ್ಲಿ ಆಕೆ ಕಾಗದದಲ್ಲಿ ಬರೆದು ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು, ನಡವಳಿಯಲ್ಲಿ ಬರೆದದ್ದನ್ನು ಸಭೆ ಮುಗಿಯುವ ಮೊದಲು ಗಟ್ಟಿಯಾಗಿ ಓದಿಸಿದಳು. ಎರಡು ಬೇಸಿಗೆ ಕಳೆಯುವುದರೊಳಗೆ ಸಂಕ ಆಯಿತು. ಕೂಗಿದ್ದಕ್ಕಿಂತ ಬರೆಸಿದ್ದು ಕೆಲಸ ಮಾಡಿತು. ಆದ್ದರಿಂದ ಇಷ್ಟು ರೂಢಿ ಮಾಡಿಕೊಳ್ಳಿ:

- ಬೇಡಿಕೆಯನ್ನು ಕಾಗದದಲ್ಲಿ ಕೊಡಿ, ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ.
- ಸಭೆಯ ಕೊನೆಗೆ ನಡವಳಿ ಓದಿಸಿ. ಓದದೆ ಏಳಬೇಡಿ.
- ಹೋದ ಸಭೆಯ ತೀರ್ಮಾನಗಳಲ್ಲಿ ಎಷ್ಟು ಆಯಿತು ಎಂಬುದೇ ಮೊದಲ ಪ್ರಶ್ನೆ ಆಗಲಿ.
- ಕೆಲಸಕ್ಕೆ ಎಷ್ಟು ಹಣ, ಯಾವ ಯೋಜನೆಯದು ಎಂದು ಕೇಳಿ. ಬಾಯಲ್ಲಿ ಹೇಳದಿದ್ದರೆ 2005ರ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು.
- ಹೆಂಗಸರನ್ನು ಕರೆದುಕೊಂಡು ಹೋಗಿ. ನೀರಿನ ಕಷ್ಟ ಹೊತ್ತವರಿಗೇ ಗೊತ್ತು.

ವರ್ಷದಲ್ಲಿ ಎರಡು ಹೊತ್ತು ವಿಶೇಷ ಗಮನ ಬೇಕು. ಫೆಬ್ರವರಿ-ಮಾರ್ಚಿನಲ್ಲಿ ಪಂಚಾಯ್ತಿ ಬಜೆಟ್ಟು ತಯಾರಾಗುತ್ತದೆ. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ. ಜಮಾಬಂದಿ ಅಂದರೆ ಹಿಂದಿನ ವರ್ಷದ ಖರ್ಚು, ಕಾಮಗಾರಿಯನ್ನು ಜನರ ಎದುರು ತೆರೆದಿಟ್ಟು ಪರಿಶೀಲಿಸುವುದು. ಮಾಡಿದ ಮೋರಿಯನ್ನು ಹೋಗಿ ನೋಡಬಹುದು, ಟೇಪು ಹಿಡಿದು ಅಳೆಯಲೂಬಹುದು. ಮಳೆ ಜೋರು ಎಂದು ಆ ದಿನ ಮನೆಯಲ್ಲಿ ಕೂತವನಿಗೆ ಆಮೇಲೆ ದೂರಲು ಹಕ್ಕು ಕಡಿಮೆ.

ನಮ್ಮ ಕಡೆಯ ತಪ್ಪೂ ಒಂದುಂಟು. ಮನೆ ಕಂದಾಯ, ನೀರಿನ ಕರ ಬಾಕಿ ಇಡುವುದು. ಈ ಹಣ ಯಾವ ಯೋಜನೆಯ ಕಟ್ಟಿಗೂ ಸಿಕ್ಕದ, ಪಂಚಾಯ್ತಿಯ ಸ್ವಂತ ಹಣ. ಮೋಟಾರು ಸುಟ್ಟ ದಿನ ರಿಪೇರಿಗೆ, ವಾಟರ್‌ಮನ್ ಸಂಬಳಕ್ಕೆ ಆಗುವುದು ಇದೇ. ಫ್ರಾನ್ಸಿನ ಆ ಪುಟ್ಟ ಕಮ್ಯೂನಿಗೂ ಸ್ಥಳೀಯ ತೆರಿಗೆ ದೊಡ್ಡ ಆಧಾರ. ಅರ್ಧ ಕಟ್ಟಿ ಪೂರ್ತಿ ಕೇಳುವವನ ಮಾತಿಗೆ ಬೆಲೆ ಬರುವುದು ಕಷ್ಟ.

ಊರು ಉಳಿದರೆ ತಾನೇ ಪಂಚಾಯ್ತಿ

ಕಂದಾಯದ ಪುಸ್ತಕದಲ್ಲಿ 'ಬೇಚರಾಕ್ ಗ್ರಾಮ' ಅಂತ ಒಂದು ಮಾತಿದೆ. ಹೆಸರಿದೆ, ಸರ್ವೆ ನಂಬರ್ ಇದೆ, ಜನ ಇಲ್ಲ. ನಮ್ಮ ಸೀಮೆಯಲ್ಲಿ ಊರು ಖಾಲಿಯಾಗುವುದನ್ನು ಒಂದು ಸಲ ಕಣ್ಣಾರೆ ಕಂಡವರಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತಾಗ ಸಾಗರ, ಹೊಸನಗರದ ಎಷ್ಟೋ ಹಳ್ಳಿ, ತೋಟ, ದೇವಸ್ಥಾನ ಮುಳುಗಿದವು. 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ ಹೋಯಿತು. ಎಬ್ಬಿಸಿದ ಜನರಲ್ಲಿ ಬಹಳ ಮಂದಿಗೆ ಹೋಗಿ ಕೂತ ಜಾಗದ ಹಕ್ಕುಪತ್ರದ ತಂಟೆ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ತೀರಲಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟವರು ಗ್ರಾಮಸಭೆಯಲ್ಲಿ ಇಂದಿಗೂ ಅರ್ಜಿ ಹಿಡಿದು ನಿಲ್ಲುತ್ತಾರೆ.

ಹಿನ್ನೀರಿನ ಆಚೆ ಉಳಿದ ತುಮರಿ ಸುತ್ತಿನವರನ್ನು ನೋಡಿ. 2025ರವರೆಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. ಆಗ ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಏನು ಪಾಡಾಗಿತ್ತು ಎಂದು ಯೋಚಿಸಿ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆ ಆಯಿತು. ಇದು ಹೆದ್ದಾರಿಯ ಕೆಲಸ, ಪಂಚಾಯ್ತಿ ಹಣದಲ್ಲಿ ಆಗುವಂಥದ್ದಲ್ಲ. ಆದರೆ ಅರವತ್ತು ವರ್ಷ ಆ ದಂಡೆಯಲ್ಲಿ ಜನ ಊರು ಬಿಡದೆ ಉಳಿದು ಕೇಳುತ್ತಲೇ ಇದ್ದರು. ಎಲ್ಲರೂ ಎದ್ದು ಹೋಗಿದ್ದರೆ ಯಾರಿಗಾಗಿ ಸೇತುವೆ?

2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮಂಗನಕಾಯಿಲೆ ಬಂದು ಹಲವರು ಸತ್ತರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ಉಣುಗಿನಿಂದ ಹರಡುವುದು. ದರಕಿಗೆ, ಸೊಪ್ಪಿಗೆ ಕಾಡಿಗೆ ಹೋಗುವ ರೈತನಿಗೇ ಮೊದಲು ತಗಲುತ್ತದೆ. ಮಂಗ ಸತ್ತು ಬಿದ್ದ ಸುದ್ದಿ ಆಸ್ಪತ್ರೆಗೆ ಮುಟ್ಟಬೇಕಾದದ್ದು ಊರಿನಿಂದ, ಅದೇ ದಿನ. ಮೈಗೆ ಹಚ್ಚುವ ಎಣ್ಣೆ ಮನೆಮನೆಗೆ ಬಂತೇ, ಆಸ್ಪತ್ರೆಯಲ್ಲಿ ಡಾಕ್ಟರು ಇದ್ದಾರೆಯೇ ಎಂದು ಡಿಸೆಂಬರಿಗೆ ಮೊದಲೇ ಕೇಳುವ ಜಾಗ ಗ್ರಾಮಸಭೆ. ಜ್ವರ ಬಂದ ಮೇಲೆ ಕೇಳಿ ಫಲವಿಲ್ಲ.

ಕೊನೆಯದಾಗಿ

ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ 2016ರಲ್ಲಿ ಆರಿಸಿದವರ ಅವಧಿ 2021ರಲ್ಲೇ ಮುಗಿಯಿತು, ಮುಂದಿನ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. 2020ರ ಡಿಸೆಂಬರಿನಲ್ಲಿ ಆರಿಸಿದ ಗ್ರಾಮ ಪಂಚಾಯ್ತಿಗೂ ಅವಧಿ ಐದೇ ವರ್ಷ. ಸದಸ್ಯರಿಲ್ಲದ ದಿನಗಳಲ್ಲಿ ಆಡಳಿತಾಧಿಕಾರಿ ಕೂರುತ್ತಾರೆ. ಆದರೆ ಗ್ರಾಮಸಭೆಗೆ ಅವಧಿ ಎಂಬುದಿಲ್ಲ. ಅದರ ಸದಸ್ಯರು ನಾವು, ಬದುಕಿರುವವರೆಗೂ. ಯಾರೇ ಕುರ್ಚಿಯಲ್ಲಿರಲಿ, ಸಭೆ ಕರೆಯಿರಿ, ಲೆಕ್ಕ ಓದಿ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ.

ಮುಂದಿನ ಗ್ರಾಮಸಭೆಗೆ ಮೊದಲು ನಿಮ್ಮ ಮಜರೆಯ ನಾಲ್ಕು ಜನ ಒಂದು ಜಗಲಿಯಲ್ಲಿ ಕೂತು ಮೂರು ಕೆಲಸ ಬರೆದುಕೊಳ್ಳಿ. ಮೂರೇ ಸಾಕು. ಮೂವತ್ತು ಬರೆದರೆ ಒಂದೂ ಆಗೋದಿಲ್ಲ. ಒಂದು ನೀರಿನದು, ಒಂದು ದಾರಿಯದು, ಒಂದು ಮಣ್ಣು-ಕೆರೆಯದು. ನಿಮ್ಮ ಪಂಚಾಯ್ತಿಯಲ್ಲಿ ಇಂಥ ಕೆಲಸ ಕಾಗದದಿಂದ ನೆಲಕ್ಕೆ ಇಳಿದದ್ದುಂಟಾದರೆ, ಎಷ್ಟು ಖರ್ಚು, ಎಷ್ಟು ದಿನ, ಯಾವ ದಾರಿ ಹಿಡಿದಿರಿ ಎಂದು ಈ ಪತ್ರಿಕೆಗೆ ಬರೆಯಿರಿ. ಉಳಿದ ಊರಿನವರು ಓದಿ ಅದೇ ದಾರಿ ಹಿಡಿದಾರು.